ಕೊಸರಿನ ಐದು ನಿಮಿಷ

ನಾನು ಒಂದು ನೆನಪಿನ ಚೀಟಿ. ಕಾಗದದ ಚೀಟಿಯಲ್ಲ, ಕಂಪ್ಯೂಟರಿನ ಹೊಟ್ಟೆಯೊಳಗಿನದು. ಧಾರವಾಡದ ಒಂದು ನುಡಿಕೋಶ ಕಚೇರಿಯಲ್ಲಿ, ಸುಲೋಚನಾ ಪತ್ತಾರ ಎಂಬ ಹೆಂಗಸಿನ ಮೇಜಿನ ಮೇಲಿದ್ದ ಹಳೆಯ ಕಂಪ್ಯೂಟರಿನಲ್ಲಿ ನನ್ನ ಜನ್ಮವಾಯಿತು. ಹೊತ್ತು ಉಳಿಸಲಿಕ್ಕೆಂದೇ ನನ್ನನ್ನು ಹುಟ್ಟಿಸಿದರು. ಉಳಿಸಿದೆ. ಎಷ್ಟು ಚೆನ್ನಾಗಿ ಉಳಿಸಿದೆನೆಂದರೆ ಆಕೆಯ ಆರು ವರ್ಷ ನೀರುಪಾಲಾಯಿತು.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಆಮೇಲೆ ತಲೆ ಕೆರೆದುಕೊಳ್ಳಬೇಡಿ. ಆ ಕಚೇರಿಯಲ್ಲಿ ಪದಕ್ಕೊಂದು ಕಾರ್ಡು. ಪದ, ಅದರ ಅರ್ಥ, ಅದನ್ನು ಜನ ಬಳಸುವ ಒಂದು ಮಾತು, ಆ ಮಾತಾಡಿದವರ ಹೆಸರು. ಅಕ್ಷರಕ್ಕೊಂದು ಫೋಲ್ಡರ್: ಕ ಒಂದು, ಕಾ ಒಂದು, ಕಿ ಒಂದು. ಎಲ್ಲ ಸೇರಿ ಒಂದೂವರೆ ಲಕ್ಷ ಕಾರ್ಡು. ಯಾರು ಯಾವತ್ತು ಏನು ಬರೆದರು, ಏನು ಅಳಿಸಿದರು ಎಂದು ಲೆಕ್ಕ ಇಡುವ ಒಂದು ವ್ಯವಸ್ಥೆ ಇತ್ತು. ಅದಕ್ಕೆ ಒಂದು ಇತಿಹಾಸದ ಪೆಟ್ಟಿಗೆ; ಅಳಿಸಿದ್ದು ಕೂಡ ಅದರಲ್ಲಿ ಭದ್ರವಾಗಿರುತ್ತದೆ. ಎಲ್ಲರ ಕಂಪ್ಯೂಟರಿನಲ್ಲೂ ಅದರ ಒಂದೊಂದು ಪ್ರತಿ, ಒಳಕೋಣೆಯ ಸರ್ವರಿನಲ್ಲಿ ಮೂಲ ಪ್ರತಿ. ಆ ವ್ಯವಸ್ಥೆಗೆ ಒಂದು ಸೂಚಿ, ಅಂದರೆ ಕಾರ್ಡುಗಳ ಪಟ್ಟಿ. ಆ ಸೂಚಿಯ ಬಾಲಕ್ಕೆ ಅಂಟಿಕೊಂಡಿರುವ ಚೀಟಿಯೇ ನಾನು. ನನ್ನನ್ನು ಕ್ಯಾಶ್ ಎನ್ನುತ್ತಾರೆ.

ಒಂದೊಂದು ಫೋಲ್ಡರಿನಲ್ಲಿ ಎಷ್ಟು ಕಾರ್ಡಿವೆ, ಎಲ್ಲ ಕೂಡಿಸಿದರೆ ಬರುವ ಗುರುತಿನ ಸಂಖ್ಯೆ ಯಾವುದು, ಇಷ್ಟನ್ನು ನಾನು ಬರೆದಿಟ್ಟುಕೊಂಡಿರುತ್ತೇನೆ. ಯಾರಾದರೂ ಒಂದು ಕಾರ್ಡು ಮುಟ್ಟಿದರೆ ಆ ಫೋಲ್ಡರಿನ ಸಾಲನ್ನು ಹೊಡೆದು ಹಾಕುತ್ತೇನೆ. ಮುಟ್ಟದೇ ಇದ್ದದ್ದನ್ನು ನೋಡಲಿಕ್ಕೆ ಬಿಡುವುದೇ ಇಲ್ಲ. "ಅಲ್ಲಿ ಏನೂ ಬದಲಾಗಿಲ್ಲ, ನಾನು ಹೇಳ್ತೇನಲ್ಲ, ಮುಂದೆ ನಡಿ" ಎನ್ನುತ್ತೇನೆ. ವ್ಯವಸ್ಥೆ ನನ್ನ ಮಾತು ನಂಬಿ ಮುಂದೆ ಹೋಗುತ್ತದೆ.

ನಾನು ಬರುವ ಮೊದಲು ಹೀಗಿರಲಿಲ್ಲ. ದಿನಾ ಬೆಳಗ್ಗೆ ಸರ್ವರಿನಿಂದ ಹೊಸದನ್ನು ತರಿಸಿಕೊಳ್ಳುವಾಗ ಆ ಹಳೆಯ ಡಬ್ಬ ಒಂದೊಂದೇ ಫೋಲ್ಡರಿನ ಬಾಗಿಲು ತೆರೆದು ನೋಡುತ್ತಿತ್ತು. ಪರದೆಯ ಮೇಲೆ ಅ, ಆ, ಇ ಎಂದು ಹೆಸರುಗಳು ಒಂದರ ಹಿಂದೆ ಒಂದು ನಡೆದು ಹೋಗುತ್ತಿದ್ದವು. ಎಲ್ಲಿ ಎಷ್ಟು ಸೇರುತ್ತದೆ, ಎಷ್ಟು ಅಳಿಯುತ್ತದೆ ಎಂದೂ ಪಕ್ಕದಲ್ಲೇ ಕಾಣಿಸುತ್ತಿತ್ತು. ಎಲ್ಲ ನೋಡಿ ಮುಗಿದ ಮೇಲೆಯೇ ಕೈ ಹಚ್ಚುತ್ತಿತ್ತು. ಅದಕ್ಕೆ ಸರಿಯಾಗಿ ಐದು ನಿಮಿಷ ಬೇಕು. ಆ ಐದು ನಿಮಿಷ ಸುಲೋಚನಾಬಾಯಿ ಸ್ಟೀಲ್ ಲೋಟದಲ್ಲಿ ಚಹಾ ಹಿಡಿದು ಪರದೆ ನೋಡುತ್ತ ಕೂರುತ್ತಿದ್ದಳು. ಏನಾದರೂ ಎಡವಟ್ಟು ಕಂಡರೆ ತಟ್ಟನೆ ನಿಲ್ಲಿಸಿ ಸರಿ ಮಾಡುತ್ತಿದ್ದಳು.

ಆ ಐದು ನಿಮಿಷಕ್ಕೆ ಆಕೆ ಇಟ್ಟ ಹೆಸರು ಕೊಸರು.

ಸಂತೆಯಲ್ಲಿ ತೂಕ ಮುಗಿದ ಮೇಲೆ ಮಾರುವವನು ಒಂದು ಹಿಡಿ ಹೆಚ್ಚು ಹಾಕುತ್ತಾನಲ್ಲ, ಅದು ಕೊಸರು. ಆಕೆಯ ಕಾರ್ಡಿನಲ್ಲಿ ಹಾಗೇ ಇತ್ತು. ಕೆಳಗೆ ಆಕೆಯ ತಾಯಿ ಕಾಳವ್ವನ ಮಾತು: "ಕೊಸರ ಹಾಕದಾಂವ ತಕ್ಕಡಿ ಹಿಡದರ ಏನ್ ಬಂತು, ಕೈ ಸಣ್ಣದು." ಮಾತಾಡಿದವರು: ಕಾಳವ್ವ ಪತ್ತಾರ, ನರಗುಂದ.

ಈಗ ಆ ತಾಯಿಯ ವಿಷಯಕ್ಕೆ ಬರೋಣ, ಯಾಕೆಂದರೆ ಎಲ್ಲ ನಿಂತದ್ದು ಅದರ ಮೇಲೆಯೇ. ಸುಲೋಚನಾಬಾಯಿಗೆ ಕಚೇರಿ ಹಚ್ಚಿಕೊಟ್ಟದ್ದು 'ಕೊ' ಅಕ್ಷರ. ಆಕೆ ಪುಸ್ತಕ ನೋಡಿ ಬರೆಯುವವಳಲ್ಲ. ವಾರಕ್ಕೊಮ್ಮೆ ನರಗುಂದದ ಬಸ್ಸು ಹತ್ತಿ ತಾಯಿಯ ಎದುರಿಗೆ ಕೂತು ಮಾತಾಡಿಸುತ್ತಿದ್ದಳು. ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿ ಬೆಳೆದ ಮುದುಕಿ. ಕೊಂಡಿ, ಕೊಪ್ಪು, ಕೊರೆಯುವುದು, ಕೊಳವಿ ಊದುವುದು, ಒಂದೊಂದಕ್ಕೂ ಹತ್ತು ಹತ್ತು ಮಾತು. ಆರು ವರ್ಷದಲ್ಲಿ ನಾಲ್ಕು ಸಾವಿರದ ನೂರಾ ಹನ್ನೆರಡು ಕಾರ್ಡಾದವು. ಸಂಪುಟ ಅಚ್ಚಾದರೆ ಪ್ರತಿ ಪದದ ಕೆಳಗೂ ಆ ಮುದುಕಿಯ ಹೆಸರು ಬರಬೇಕು, ಮೊದಲ ಪುಟದಲ್ಲಿ "ಕೊ: ಸುಲೋಚನಾ ಪತ್ತಾರ" ಎಂದು ಮಗಳ ಹೆಸರು. ಶಾಲೆಯ ಮುಖ ಕಾಣದ ತಾಯಿಗೆ ಮಗಳು ಕೊಟ್ಟ ಮಾತು ಅದು. ಬೇರೆ ಆಸೆ ಆಕೆಗೆ ಇರಲಿಲ್ಲ.

ಆಮೇಲೆ ನಾನು ಬಂದೆ. ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕಿರಣ ಯಲಿಗಾರ ಒಂದು ಸೋಮವಾರ ಎಲ್ಲರ ಯಂತ್ರಕ್ಕೂ ವ್ಯವಸ್ಥೆಯ ಹೊಸ ಆವೃತ್ತಿ ಹಾಕಿದ. ಮರುದಿನ ಸುಲೋಚನಾಬಾಯಿ ಗುಂಡಿ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿದಿತ್ತು. ಆಕೆ ಚಹಾದ ಲೋಟ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದಳು.

"ಇದೇನೋ ಕಿರಣ, ಮುಗದ ಹೋತು?"

"ಹೌದ್ರೀ ಅಕ್ಕಾರ. ಈಗ ನೆನಪಿಟ್ಕೋತೈತಿ ಅದು. ಎಲ್ಲಾ ತಗದ ನೋಡೂದಿಲ್ಲ."

"ಹಂಗಾರ ನನ್ನ ಕೊಸರು ಹೋತು ಅನ್ನು."

ಹಿಂದೆಯೇ ನಿಂತಿದ್ದ ಪ್ರಧಾನ ಸಂಪಾದಕರು ಡಾಕ್ಟರ್ ಹಂಚಿನಾಳ ಸರ್ ನಕ್ಕರು. "ಚಲೋ ಆತು ಬಿಡ್ರಿ ಪತ್ತಾರಬಾಯಾರ. ಚಹಾ ಕುಡಕೋತ ಕುಂಡ್ರೂದರ ತಪ್ಪತೈತಿ." ಆ ಮಾತಿಗೆ ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ ಎನ್ನಿ. ಅಬ್ಬಬ್ಬಾ, ಆಗ ನನ್ನ ಜಂಬ ನೋಡಬೇಕಿತ್ತು ನೀವು! ಐದು ನಿಮಿಷದ್ದನ್ನು ಅರೆಕ್ಷಣಕ್ಕೆ ಇಳಿಸಿದವನು ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಒಬ್ಬ ಹೆಂಗಸಿನ ಚಹಾ ತಪ್ಪಿದ್ದಕ್ಕೆ ಯಾರು ಮರುಗುತ್ತಾರೆ?

ಇನ್ನು ಅನಾಹುತದ ಮೂಲ. ಸುಲೋಚನಾಬಾಯಿ ಟೈಪ್‌ರೈಟರ್ ಕಲಿತ ಕೈ. ಟೈಪ್‌ರೈಟರಿನಲ್ಲಿ 'ಕೊ' ಎಂದು ಹೊಡೆಯಬೇಕಾದರೆ ಮೊದಲು ಎತ್ವ ಕೊಟ್ಟು 'ಕೆ' ಮಾಡಬೇಕು, ಆಮೇಲೆ ಅದರ ಪಕ್ಕಕ್ಕೆ ಊತ್ವದ ಬಾಲ ಎಳೆಯಬೇಕು. ಕಂಪ್ಯೂಟರಿಗೆ ಬಂದ ಮೇಲೂ ಆಕೆಯ ಬೆರಳು ಹಾಗೇ ಓಡುತ್ತಿದ್ದವು. ಆಕೆಯ 'ಕೊ' ಎರಡು ಚಿಹ್ನೆಯ 'ಕೊ'. ಹೊಸ ಕೀಲಿಮಣೆಯಲ್ಲಿ ಒತ್ವಕ್ಕೆ ಒಂದೇ ಗುಂಡಿ. ಅಲ್ಲಿ ಹೊಡೆದ 'ಕೊ' ಒಂದು ಚಿಹ್ನೆಯ 'ಕೊ'. ನೀವು ಭೂತಗನ್ನಡಿ ಹಿಡಿದು ನೋಡಿದರೂ ಎರಡೂ ಒಂದೇ. ನಮಗೆ ಮಾತ್ರ ಅವು ಬೇರೆ ಬೇರೆ.

ಹಂಚಿನಾಳ ಸರ್ ಒಂದು ದಿನ ತಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ 'ಕೊ' ಎಂದು ಹೊಡೆದು ಹುಡುಕಿದರು. ಅಂಥ ಫೋಲ್ಡರೇ ಇಲ್ಲ ಎಂದಿತು ಕಂಪ್ಯೂಟರ್. ಅವರು ಪರದೆಯ ಪಟ್ಟಿಯಲ್ಲಿ ಕೆಳಗಿಳಿದು ಕಣ್ಣಿನಿಂದ ಹುಡುಕಬಹುದಿತ್ತು. ನಾಲ್ಕು ಹೆಜ್ಜೆ ನಡೆದು ಆಕೆಯನ್ನೇ ಕೇಳಬಹುದಿತ್ತು. ದೊಡ್ಡವರು ಕೇಳುವುದುಂಟೇ? "ಆರು ವರ್ಷ ಆತು, ಈ ಬಾಯಿ ಇನ್ನೂ ಶುರುನ ಮಾಡಿಲ್ಲಲ್ಲೋ!" ಎಂದು ತಮ್ಮಷ್ಟಕ್ಕೆ ಸಿಟ್ಟಾದರು. ತಾವೇ ಒಂದು ಹೊಸ 'ಕೊ' ತೆರೆದು, ಎರಡು ವಾರ ಕೂತು, ಹಳೆಯ ಕೋಶಗಳನ್ನು ನೋಡಿ ಮುನ್ನೂರ ಹನ್ನೆರಡು ಕಾರ್ಡು ಬರೆದರು. ಆಕೆಗೆ ಒಂದು ಮಾತೂ ಹೇಳಲಿಲ್ಲ. ಸಲಹಾ ಸಮಿತಿಯ ಸಭೆ ಇತ್ತು ಮುಂದಿನ ತಿಂಗಳು. ಅಲ್ಲಿಯ ತನಕ ಆ ಸಿಟ್ಟನ್ನು ಜೋಪಾನವಾಗಿ ಇಟ್ಟುಕೊಂಡರು.

ಸುಲೋಚನಾಬಾಯಿಗೆ ಎರಡು 'ಕೊ' ಕಂಡವು. ನನ್ನ ಕಾಲಕ್ಕೆ ಮೊದಲಾಗಿದ್ದರೆ ಆ ಐದು ನಿಮಿಷದಲ್ಲಿ ಎರಡನೆಯದರ ಬಾಗಿಲು ತೆರೆದು ಇಣುಕಿ ನೋಡಿಯೇ ನೋಡುತ್ತಿದ್ದಳು. ಈಗ ಆ ಹೊತ್ತೆಲ್ಲಿ? ದಿನಕ್ಕೆ ಇಷ್ಟು ಕಾರ್ಡು ಎಂದು ಸರ್ ಗೊತ್ತು ಮಾಡಿದ್ದರು. ಅವಸರದಲ್ಲಿ ಕಿರಣನಿಗೆ ಹೇಳಿದಳು.

"ಕಿರಣ, ಕೊ ಎರಡೆರಡು ಕಾಣಾಕತ್ತಾವ ನೋಡೋ. ನನಗ ಗೊಂದಲಾಗತೈತಿ. ಒಂದ್ ತಗದಬಿಡು ಮಾರಾಯಾ."

"ತಗೀತೀನಿ ಬಿಡ್ರಿ ಅಕ್ಕಾರ."

ಕೇಳಿದಿರಾ? ತನ್ನ ಬಾಯಿಯಿಂದಲೇ ಹೇಳಿದಳು.

ಅದೇ ವಾರ ನರಗುಂದದಿಂದ ಫೋನ್ ಬಂತು. ಕಾಳವ್ವನಿಗೆ ಉಸಿರು ಹತ್ತಿಕೊಂಡಿತ್ತು. ಸುಲೋಚನಾಬಾಯಿ ಚಪ್ಪಲಿ ಮೆಟ್ಟಿದವಳೇ ಹೊರಟಳು, ಕಂಪ್ಯೂಟರನ್ನು ಯಾರೋ ಆಮೇಲೆ ಆರಿಸಿದರು. ಮುದುಕಿ ಎರಡು ದಿನ ಇದ್ದು ಹೋದಳು. ಮಗಳು ಹದಿಮೂರು ದಿನ ಅಲ್ಲೇ ಉಳಿದಳು. ಆ ದಿನಗಳಲ್ಲಿ ಕಿರಣ ಸರ್ವರಿನ ಮುಂದೆ ಕೂತು ಎರಡು 'ಕೊ'ಗಳನ್ನು ನೋಡಿದ. ಒಂದು ಆರು ವರ್ಷದ ಹಿಂದಿನ ತಾರೀಖಿನದು, ಇನ್ನೊಂದು ಹೊಸದು, ಅದೂ ಸರ್ ಮಾಡಿದ್ದು. ಹಳೆಯದು ಹಳೆಯ ಪ್ರತಿ, ಹೊಸದರಲ್ಲಿ ಅದೆಲ್ಲ ಸೇರಿರಬೇಕು ಅಂದುಕೊಂಡ. ಒಳಗೆ ನೋಡಲಿಲ್ಲ. ಹಳೆಯದನ್ನು ಅಳಿಸಿದ. ಸರ್ವರಿನಲ್ಲೂ ನನ್ನಂಥದೇ ಒಂದು ಚೀಟಿ ಇತ್ತು. ಅದು ಒಂದು ಸಾಲು ಹೊಡೆದು ಹಾಕಿ ಸುಮ್ಮನಾಯಿತು.

ಆದರೆ ಸುಲೋಚನಾಬಾಯಿಯ ಕಂಪ್ಯೂಟರ್ ಆರಿತ್ತಲ್ಲ. ಅದರಲ್ಲಿ, ನನ್ನ ಹತ್ತಿರ, ನಾಲ್ಕು ಸಾವಿರದ ನೂರಾ ಹನ್ನೆರಡು ಕಾರ್ಡೂ ಹಾಗೇ ಇದ್ದವು.

ಆಕೆ ತಿರುಗಿ ಬಂದ ದಿನವೇ ಸಮಿತಿಯ ಸಭೆ. ಬಂದ ಕೂಡಲೇ ಒಳಗೆ ಕರೆದರು. ತಾಯಿಯ ದುಃಖ ಇನ್ನೂ ಹಸಿಯಾಗಿದ್ದವಳನ್ನು ಐದು ಜನ ದೊಡ್ಡವರ ಎದುರಿಗೆ ನಿಲ್ಲಿಸಿದರು. ಕೂತುಕೊಳ್ಳಿ ಎಂದು ಕೂಡ ಯಾರೂ ಅನ್ನಲಿಲ್ಲ. ಗೋಡೆಯ ಮೇಲಿನ ಪರದೆಯಲ್ಲಿ ಹಂಚಿನಾಳ ಸರ್ 'ಕೊ' ತೆರೆದರು. ಮುನ್ನೂರ ಹನ್ನೆರಡು.

"ಇವಿಷ್ಟೂ ನಾ ಬರದದ್ದು. ನಿಮ್ಮವು ಎಲ್ಲಿ ಅದಾವ್ರಿ ಪತ್ತಾರಬಾಯಾರ?"

"ಸರ್, ನಾಲ್ಕ ಸಾವಿರದ ಮ್ಯಾಲೆ ಅದಾವ್ರಿ..."

"ಎಲ್ಲಿ ಅದಾವು ತೋರಸ್ರೆಲಾ. ಆರು ವರ್ಷ ನರಗುಂದಕ್ಕ ಓಡ್ಯಾಡಿದ್ದು ಪದ ಹುಡಕಾಕೋ, ತವರಮನಿ ಉಣ್ಣಾಕೋ?"

 ಗಟ್ಟಿ ಹೆಂಗಸು, ಅಳಲಿಲ್ಲ. "ನನ್ನ ಮಶೀನಿನ್ಯಾಗ ಅದಾವ್ರಿ ಸರ್. ಬರ್ರಿ, ನೋಡ್ರಿ. ಎಲ್ಲಾರೂ ಬರ್ರಿ" ಎಂದಳು.

ಎಲ್ಲರೂ ಬಂದರು. ಸಮಿತಿಯ ಐವರು, ಸರ್, ಕಿರಣ, ಬಾಗಿಲಲ್ಲಿ ಇಡೀ ಕಚೇರಿ. ಕಂಪ್ಯೂಟರ್ ಹಚ್ಚಿದರು. ನಾನು ಕಣ್ಣು ಬಿಟ್ಟೆ. ನನ್ನ ಸಾಲಿನಲ್ಲಿ ಸ್ಪಷ್ಟವಾಗಿ ಇತ್ತು: ಕೊ, ನಾಲ್ಕು ಸಾವಿರದ ನೂರಾ ಹನ್ನೆರಡು. ಫೋಲ್ಡರ್ ಒಂದು ತೆರೆದರೆ ಸಾಕು, ಎಲ್ಲರ ಬಾಯಿ ಮುಚ್ಚುತ್ತಿತ್ತು. ಆಕೆ ಮೌಸಿಗೆ ಕೈ ಚಾಚಿದಳು.

"ತಡೀರಿ ಬಾಯಾರ" ಎಂದರು ಹಂಚಿನಾಳ ಸರ್. "ಕಿರಣ, ಹದಿನೈದು ದಿನದಿಂದ ಬಂದ್ ಇತ್ತು ಇದು. ಮೊದಲ ಸರ್ವರಿಗೆ ಹೊಂದಿಸು, ಆಮ್ಯಾಲೆ ನೋಡೂಣು. ಹಳೇದ ತೋರಿಸಿ ಹೊಸದು ಅನ್ನಬಾರದು."

ಕಿರಣ ಕುರ್ಚಿಗೆ ಒರಗಿ, ಬಗ್ಗಿ, ಗುಂಡಿ ಒತ್ತಿದ.

ಈಗ ಹೇಳಿ, ನಾನು ಏನು ಮಾಡಬೇಕಿತ್ತು? ನನಗೆ ಬಾಯಿಲ್ಲ. ಸರ್ವರ್ ಹೇಳಿತು: ಎರಡು ಚಿಹ್ನೆಯ 'ಕೊ' ಇನ್ನಿಲ್ಲ. ನನ್ನ ಚೀಟಿ ನೋಡಿ ವ್ಯವಸ್ಥೆ ಕೇಳಿತು: ಉಳಿದ ಫೋಲ್ಡರುಗಳು? ಬದಲಾಗಿಲ್ಲ, ಬದಲಾಗಿಲ್ಲ, ಬದಲಾಗಿಲ್ಲ ಎಂದು ಪಟಪಟನೆ ಉತ್ತರ ಕೊಟ್ಟೆ, ಅಷ್ಟು ಚೆನ್ನಾಗಿ ಕಲಿಸಿದ್ದರು ನನಗೆ. ಅರೆಕ್ಷಣ. ಎರಡು 'ಕೊ' ಇದ್ದಲ್ಲಿ ಒಂದೇ ಉಳಿಯಿತು. ಆಕೆಯ ಬೆರಳು ಇನ್ನೂ ಗಾಳಿಯಲ್ಲೇ ಇತ್ತು.

ನಾನು ಇರದಿದ್ದರೆ ಐದು ನಿಮಿಷ ಬೇಕಿತ್ತು. ಅ, ಆ, ಇ ಎಂದು ಹೆಸರುಗಳು ನಡೆದು ಬರುತ್ತಿದ್ದವು. ಕ, ಕಾ, ಕಿ ಬರುತ್ತಿದ್ದವು. ಆಮೇಲೆ 'ಕೊ', ಅಳಿಯುವುದು ನಾಲ್ಕು ಸಾವಿರದ ನೂರಾ ಹನ್ನೆರಡು ಎಂದು ಐದು ಜನ ದೊಡ್ಡವರ ಕಣ್ಣೆದುರಿಗೆ ಬೀಳುತ್ತಿತ್ತು. ಆಕೆ "ಅಯ್ಯ, ನಿಲ್ಲಸೋ ಕಿರಣ!" ಎಂದು ಚೀರುತ್ತಿದ್ದಳು. ಆ ಕೊಸರನ್ನು ಕಸಿದುಕೊಂಡವನು ನಾನು.

'ಕೊ' ತೆರೆದರು. ಮುನ್ನೂರ ಹನ್ನೆರಡು.

"ಇದ್ವು ಸರ್" ಎಂದಳು ಆಕೆ. "ಈಗ ಇದ್ವು. ದೇವರಾಣಿ ಇದ್ವು. ನಮ್ಮವ್ವ ಹೇಳಿದ್ವು ಎಲ್ಲಾ..." ತಾನು ಅಳಿಸಿದ್ದು ಹಳೆಯ ಪ್ರತಿ ಎಂದೇ ನಂಬಿದ್ದ ಕಿರಣನಿಗೆ ಅದರ ನೆನಪೂ ಬರಲಿಲ್ಲ. ಸಮಿತಿಯ ಒಬ್ಬರು ಗಡಿಯಾರ ನೋಡಿಕೊಂಡರು. ಇನ್ನೊಬ್ಬರು, "ಪಾಪ, ತಾಯಿ ಹೋಗ್ಯಾರಂತ, ತಲಿ ನೆಟ್ಟಗಿಲ್ಲ" ಎಂದು ಹಣೆಯ ಪಕ್ಕ ಬೆರಳು ತಿರುಗಿಸಿದರು. ಊಟದ ಹೊತ್ತಿಗೆ ಆಕೆಯನ್ನು ಕೆಲಸದಿಂದ ತೆಗೆದ ಕಾಗದಕ್ಕೆ ಐದೂ ಸಹಿ ಬಿದ್ದಿದ್ದವು. 'ಕೊ' ಸಂಪಾದಕರು ಹಂಚಿನಾಳ ಎಂದು ಅದೇ ಸಭೆಯಲ್ಲಿ ತೀರ್ಮಾನವಾಯಿತು.

ಅಯ್ಯೋ ಪಾಪ ಎನ್ನುತ್ತೀರಿ. ತಡೆಯಿರಿ, ಇನ್ನೂ ಇದೆ.

ಇತಿಹಾಸದ ಪೆಟ್ಟಿಗೆ ಇತ್ತಲ್ಲ. ಒಂದು ವಾರದ ಮೇಲೆ ಕಿರಣ ಬೇರೆ ಏನನ್ನೋ ಹುಡುಕುತ್ತ ಅದರ ಮುಚ್ಚಳ ತೆಗೆದ. ತಾನು ಅಳಿಸಿದ ದಿನದ ಲೆಕ್ಕ ಕಣ್ಣಿಗೆ ಬಿತ್ತು: ನಾಲ್ಕು ಸಾವಿರದ ನೂರಾ ಹನ್ನೆರಡು.  ಎರಡು 'ಕೊ'ಗಳ ಒಳಗನ್ನು ಬಿಚ್ಚಿ ನೋಡಿದ, ಒಂದು ಚಿಹ್ನೆ, ಎರಡು ಚಿಹ್ನೆ. ಆಕೆಯ ಕಂಪ್ಯೂಟರ್ ಆಗ ಅವನ ಮೇಜಿನ ಮೇಲೇ ಇತ್ತು, ಅದರಲ್ಲೂ ನೋಡಿದ. ನಮ್ಮ ಪೆಟ್ಟಿಗೆಯಲ್ಲೂ ಎಲ್ಲ ಭದ್ರ. ಒಂದೇ ಒಂದು ಸಾಲಿನ ಆಜ್ಞೆ ಹೊಡೆದರೆ ಮುದುಕಿಯ ಮಾತೆಲ್ಲ ಎದ್ದು ಬರುತ್ತಿತ್ತು. ಅವನು ಓಡಿ ಹೋಗಿ ಹಂಚಿನಾಳ ಸರ್ ಅವರನ್ನು ಕರೆದುಕೊಂಡು ಬಂದ. ಅವರು ಬಗ್ಗಿ ಎಲ್ಲ ನೋಡಿದರು. ಹೋಗಿ ಕೋಣೆಯ ಬಾಗಿಲು ಮುಚ್ಚಿ ಬಂದರು.

"ಎಷ್ಟ ಮಂದಿಗೆ ಗೊತ್ತೈತಿ ಇದು?"

"ನಮ್ಮಿಬ್ಬರಿಗಷ್ಟ ರೀ ಸರ್. ಅಕ್ಕಾರಿಗೆ ಈಗ ಫೋನ್ ಹಚ್ಚತೀನ್ರಿ..."

"ಹಚ್ಚಬ್ಯಾಡ. ಅಳಿಸಿದಾಂವ ಯಾರು? ನೀನು. ಸಮಿತಿ ಮುಂದ ಗುಂಡಿ ಒತ್ತಿದಾಂವ ಯಾರು? ನೀನ. ನನ್ನ ಹೆಸರು ಮಣ್ಣಾಗತೈತಿ, ನಿನ್ನ ಕೆಲಸ ಹೋಗತೈತಿ. ಇತಿಹಾಸ ಭಾಳ ಭಾರ ಆಗೇತಿ ಅಂತ ಹೇಳಿ ಸರ್ವರಿನ್ಯಾಗ ಹೊಸದಾಗಿ ಶುರು ಮಾಡು. ಎಲ್ಲಾರ ಮಶೀನೂ ಬಳದಬಿಡು. ಈ ಆಕಿ ಡಬ್ಬೀನೂ."

ಕಿರಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಸರ್ ಹೋದ ಮೇಲೆ ಪೆಟ್ಟಿಗೆಯಿಂದ ಒಂದೇ ಒಂದು ಕಾರ್ಡು ಹೊರಗೆ ತೆಗೆದು ಓದಿದ. ಕೈಗೆ ಸಿಕ್ಕದ್ದು ಕೊಸರು. "ಕೊಸರ ಹಾಕದಾಂವ ತಕ್ಕಡಿ ಹಿಡದರ ಏನ್ ಬಂತು, ಕೈ ಸಣ್ಣದು." ಎರಡು ಸಲ ಓದಿದ. ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ಪೆಟ್ಟಿಗೆಯಲ್ಲಿ ಇದ್ದಬದ್ದದ್ದನ್ನೆಲ್ಲ ಅಳಿಸಿದ, ಬೆರಳು ಒಮ್ಮೆಯೂ ತಪ್ಪಲಿಲ್ಲ. ಸೂಚಿಯನ್ನೂ ನನ್ನನ್ನೂ ಹಾಗೇ ಬಿಟ್ಟ. ನಮ್ಮಲ್ಲಿ ಪದ ಇರುವುದಿಲ್ಲ, ಬರೀ ಪಟ್ಟಿ ಮತ್ತು ಲೆಕ್ಕ, ಬಿಟ್ಟರೆ ಏನೂ ಅಪಾಯವಿಲ್ಲವಲ್ಲ.

ಮರುದಿನ ಸುಲೋಚನಾಬಾಯಿ ತನ್ನ ಲೋಟ, ಶಾಲು ಒಯ್ಯಲಿಕ್ಕೆ ಬಂದಳು. ಮೂರು ವಾರದಲ್ಲಿ ಮುದುಕಿಯಾಗಿಬಿಟ್ಟಿದ್ದಳು. ಕಿರಣನ ಮೇಜಿನ ಮುಂದೆ ನಿಂತು ನನ್ನ ಡಬ್ಬದ ಮೇಲೆ ಕೈಯಿಟ್ಟಳು. ಆ ಕೈ ಬೆಚ್ಚಗಿತ್ತು.

"ಕಿರಣ, ಒಂದ ಮಾತ ಕೇಳ್ತೀನಿ, ಖರೇ ಹೇಳು. ನಾ ಅವನ್ನೆಲ್ಲ ಬರದಿದ್ನೇನೋ, ಇಲ್ಲೋ? ಮಂದಿ ಎಲ್ಲಾ ಇಲ್ಲ ಅಂತಾರ. ನನಗೂ ಈಗ ನನ್ನ ಮ್ಯಾಲೆ ಸಂಶೇ ಬರಾಕತ್ತೈತಿ. ನಮ್ಮವ್ವ ಖರೇನ ಅಷ್ಟೆಲ್ಲಾ ಮಾತಾಡಿದ್ಲೋ, ಬರೇ ನನ್ನ ಭ್ರಮಿಯೋ?"

ಅವನು ಪರದೆಯಿಂದ ಮುಖ ತಿರುಗಿಸಲಿಲ್ಲ.

"ನನಗೇನ ಗೊತ್ತಿಲ್ರೀ ಅಕ್ಕಾರ."

ಆಕೆ ತಲೆಯಾಡಿಸಿದಳು. ಅವನಿಗೆ ತೊಂದರೆ ಕೊಟ್ಟೆನಲ್ಲ ಎಂಬಂತೆ, "ಇರ್ಲಿ ಬಿಡಪಾ" ಎಂದು ಲೋಟವನ್ನು ಶಾಲಿನಲ್ಲಿ ಸುತ್ತಿಕೊಂಡು ಇಳಿದು ಹೋದಳು. ಮೆಟ್ಟಿಲ ಮೇಲೆ ಆಕೆಯ ಚಪ್ಪಲಿಯ ಸದ್ದು ಕೆಳಗಿನ ತನಕ ಕೇಳಿಸಿತು. ಆಮೇಲೆ ಆಕೆಯನ್ನು ನಾನು ಕಂಡಿಲ್ಲ.

ಈಗ ನಾನು ಕಚೇರಿಯ ಹಿಂದಿನ ಹಳೆಸಾಮಾನಿನ ಕೋಣೆಯಲ್ಲಿದ್ದೇನೆ. ಮುರಿದ ಕುರ್ಚಿ, ಹಳೆಯ ಪಂಖ, ನಾನು. ನನ್ನ ಡಬ್ಬದ ಮೇಲೆ ಮಾರಾಟವಾಗದ ಸಂಪುಟಗಳ ಕಟ್ಟು ಪೇರಿಸಿದ್ದಾರೆ. ಒಂದು ಕಟ್ಟಿನ ದಾರ ಬಿಚ್ಚಿ ಒಂದು ಪ್ರತಿ ನಡುವೆ ಬಾಯಿ ತೆರೆದು ಬಿದ್ದಿದೆ. 'ಕೊ' ಪುಟ. ಕೊಲೆ, ಅದರ ಕೆಳಗೆ ನೇರವಾಗಿ ಕೊಳ, ಅದರ ಕೆಳಗೆ ಕೊಳೆ. ಕೊಲೆಗೂ ಕೊಳಕ್ಕೂ ನಡುವೆ ಕೊಸರು ಬರಬೇಕಿತ್ತು ಎಂದು ಓದಿದವರಿಗೆ ತಿಳಿಯುವ ಬಗೆಯೇ ಇಲ್ಲ.

ಇಷ್ಟೆಲ್ಲ ಕಂಡವನು, ಇನ್ನಾದರೂ ನಿಜ ಹೇಳುತ್ತಾನೆ ಎಂದುಕೊಂಡಿರಾ? ನನ್ನ ಹಣೆಬರಹ ಹಾಗಿಲ್ಲ. ನಾಳೆ ಯಾರಾದರೂ ಪುಣ್ಯಾತ್ಮರು ಈ ಡಬ್ಬವನ್ನು ಎತ್ತಿ, ಧೂಳು ಝಾಡಿಸಿ, ವಿದ್ಯುತ್ತು ಕೊಟ್ಟು, ಸುಲೋಚನಾ ಪತ್ತಾರ ಎಂಬವಳು ಇಲ್ಲಿ ಏನಾದರೂ ಬರೆದಿದ್ದಳೇ ಎಂದು ನನ್ನನ್ನೇ ಕೇಳಿದರೂ ನನ್ನ ಚೀಟಿಯಲ್ಲಿ ಇರುವುದು ಒಂದೇ ಸಾಲು. ಅದನ್ನೇ ಹೇಳುತ್ತೇನೆ. ಕೊ, ಮುನ್ನೂರ ಹನ್ನೆರಡು, ಏನೂ ಬದಲಾಗಿಲ್ಲ. ಹೇಳಲಿಕ್ಕೆ ಐದು ನಿಮಿಷವೂ ಬೇಕಾಗುವುದಿಲ್ಲ.